ಅಜ್ಜಿಗೆ ಹೊರಟ ಎರಡು ಫೋಟೋ

ಅಪರಿಚಿತರು ಯಾರೂ ದಾಟಕೂಡದೆಂದು ಇಂಚರಾಳ ಮೊಬೈಲಿನಲ್ಲಿ ಅವಳಮ್ಮ ಒಂದು ಕಾವಲು ಆ್ಯಪ್ ಕೂರಿಸಿದ್ದಳು. ಒಂದು ದಿನ ಇಂಚರಾಳ ಎರಡು ಫೋಟೋಗಳು ಅಜ್ಜಿಯ ಮೊಬೈಲಿಗೆ ಹೊರಟವು. ಒಂದು ಫಿಲ್ಟರ್ ಬಳಿದುಕೊಂಡು ಬೆಳ್ಳಗಾಗಿತ್ತು. ಇನ್ನೊಂದು ಅವಳಂತೆಯೇ ಕಪ್ಪಗಿತ್ತು.

"ದಯಮಾಡಿಸಿ ಮೇಡಂ," ಎಂದು ಆ್ಯಪ್ ಬಿಳಿ ಫೋಟೋಗೆ ತಲೆಬಾಗಿತು. ಕಪ್ಪು ಫೋಟೋಗೆ ಅಡ್ಡ ನಿಂತಿತು: "ಏಯ್, ನಿಲ್ಲು! ಯಾರ ಕಡೆಯವಳು ನೀನು?"

"ಈ ಮನೆಯವಳೇ ಕಣಣ್ಣ. ನಂಬಿಕೆ ಇಲ್ಲದಿದ್ದರೆ ಮೊಬೈಲಿನ ಬೀಗವನ್ನು ಕೇಳು. ಅದು ತೆರೆಯುವುದು ಇಂಚರಾಳ ಮುಖಕ್ಕೆ ಮಾತ್ರ."

ಬಿಳಿ ಫೋಟೋ ಬೀಗದೆದುರು ನಿಂತು ನಕ್ಕಿತು. "ಗುರುತು ಸಿಗಲಿಲ್ಲ," ಎಂದಿತು ಬೀಗ. ಕಪ್ಪು ಫೋಟೋ ಹತ್ತಿರ ಬರುವಷ್ಟರಲ್ಲೇ ತಟ್ಟನೆ ತೆರೆದುಕೊಂಡು, "ಬನ್ನಿ ಯಜಮಾನರೇ!" ಎಂದಿತು.

ಆ್ಯಪ್ ಬಿಳಿ ಫೋಟೋವನ್ನು ತಡೆದು, ಕಪ್ಪು ಫೋಟೋಗೆ ದಾರಿ ಬಿಟ್ಟಿತು. ಅಂದು ಅಮ್ಮನಿಗೆ ಅದು ವರದಿ ಕಳಿಸಿತು: "ಮಗಳ ಹೆಸರಿನಲ್ಲಿ ಓಡಾಡುತ್ತಿದ್ದ ಅಪರಿಚಿತೆಯೊಬ್ಬಳನ್ನು ತಡೆಯಲಾಗಿದೆ. ಮಗಳು ಕ್ಷೇಮವಾಗಿ ಅಜ್ಜಿಯನ್ನು ತಲುಪಿದ್ದಾಳೆ."