ಸೋರೆಬುರುಡೆಗೆ ಹಲ್ಲಿ ಇಳಿಸಿದ ರಾಜ

ಒಂದಾನೊಂದು ಊರಿನಲ್ಲಿ, ಬಾಗಿಲಿತ್ತು ಗೋಡೆ ಇರಲಿಲ್ಲ, ಅಂಥಾ ಊರಿನಲ್ಲಿ, ಬೊಮ್ಮರಸ ಅಂತ ಒಬ್ಬ ರಾಜ. ಅವನ ರಾಣಿ ದ್ಯಾವಮ್ಮಣ್ಣಿ. ಅವರ ಕೂಸಿಗೆ ನಿದ್ದೆಯೇ ಬರದು.

ಅರಮನೆಯಲ್ಲೊಂದು ಸೋರೆಬುರುಡೆ ಇತ್ತು. ಹೀಗೆ ಹಾಡು ಅಂದರೆ ಹಾಗೇ ಹಾಡುತ್ತಿತ್ತು. ಅದು ಜೋಗುಳ ಹಾಡಿದರೆ ಮಾತ್ರ ಕೂಸು ಕಣ್ಣು ಮುಚ್ಚುತ್ತಿತ್ತು.

ಒಂದು ದಿನ ಜೋಗುಳದ ನಡುವೆ ಬುರುಡೆ 'ಗರ್' ಅಂತು. ಕೂಸು ಕಿಟಾರನೆ ಕಿರುಚಿಕೊಂಡಿತು.

"ಎಲ್ಲಿ ಕೆಟ್ಟೆಯೋ ಬುರುಡೆ?" ಅಂದ ರಾಜ.

"ನಂಗೇನ್ ಗೊತ್ತು ಬುದ್ಧಿ? ಹಾಡೋದು ನನ್ನ ಕೆಲಸ, ಕೇಳಿಸ್ಕೊಳ್ಳೋದಲ್ಲ."

ಹಲ್ಲಿ ಲೊಚಗುಟ್ಟಿದರೆ ಸತ್ಯ ಅಂತ ನಾವು ನಂಬ್ತೀವಲ್ಲ, ರಾಜನೂ ನಂಬುತ್ತಿದ್ದ. ಒಂದು ಹಲ್ಲಿ ಹಿಡಿದು ಬುರುಡೆಯೊಳಗೆ ಇಳಿಸಿದ. "ಒಳಗೆ ದನಿ ಅಲುಗಿದಾಗಲೆಲ್ಲ ಹೇಳಬೇಕು" ಅಂದ.

ದನಿ ಎಷ್ಟು ಸಾರಿ ಅಲುಗುತ್ತೆ ಮಕ್ಕಳೇ? ರೆಪ್ಪೆ ಬಡಿಯೋದರೊಳಗೆ ಸಾಸಿವೆ ಚೆಲ್ಲಿದಷ್ಟು! "ಮೇಲೆ, ಕೆಳಗೆ, ಮೇಲೆ, ಕೆಳಗೆ" ಅಂತ ಹಲ್ಲಿ ಒದರಿತು. ಸೋಮವಾರದ ಹಾಡಿನ ಸುದ್ದಿ ಶುಕ್ರವಾರವಾದರೂ ಮುಗಿಯದು. ಮಾತು ರಾಶಿ ಬಿದ್ದು ಅಡುಗೆಮನೆಗೆ ದಾರಿಯೇ ಇಲ್ಲ. ಮಂತ್ರಿಗಳು ಮೊರ ಹಿಡಿದು ಕೇರಿದರು. 'ಮೇಲೆ' ಹಾರಿತು, 'ಕೆಳಗೆ' ಉಳಿಯಿತು, 'ಗರ್' ಮಾತ್ರ ಸಿಗಲಿಲ್ಲ.

ಕೂಸು ಅಳುತ್ತಲೇ ಇತ್ತು.

"ಹಲ್ಲೀ, ಅಮಾವಾಸ್ಯೆಗೊಂದು ಸಾರಿ ಹೇಳಿದ್ರೆ ಸಾಕು ಕಣೇ ನಮ್ಮವ್ವ" ಅಂದಳು ರಾಣಿ.

ಅಮಾವಾಸ್ಯೆ ಬಂತು. ಹಲ್ಲಿ ತಲೆ ಹೊರಹಾಕಿ, "ಈಗ ಸರಿಯಾಗೈತೆ ಅಮ್ಮಣ್ಣಿ" ಅಂತು. ಆ ಗಳಿಗೆ ಸರಿಯಾಗೇ ಇತ್ತು. ಹಲ್ಲಿ ತಲೆ ಒಳಗೆಳೆದುಕೊಂಡಿತು, ಬುರುಡೆ ಗರ್ ಅಂತು.

"ಗರ್ ಅಂದಾಗ ಮಾತ್ರ ಬೊಗಳು!" ಅಂದ ರಾಜ.

ಬುರುಡೆ ಗರ್ ಅಂತು. ಹಲ್ಲಿ "ಗರ್ ಅಂತು, ಲೊಚ್!" ಅಂತು. ಆ ಲೊಚ್‌ಗೆ ಬುರುಡೆ ನಡುಗಿ ಮತ್ತೆ ಗರ್ ಅಂತು. ಹಲ್ಲಿ ಬಿಡುತ್ತಾ? ಮತ್ತೆ ಲೊಚ್. ಮತ್ತೆ ಗರ್. ಲೊಚ್, ಗರ್, ಲೊಚ್, ಗರ್.

"ಬುರುಡೆ ಒಡೀರಿ!" ಅಂದ ರಾಜ.

"ಒಡೆದರೆ ಜೋಗುಳ ನಿಮ್ಮಪ್ಪ ಹಾಡ್ತಾರಾ?" ಅಂದಳು ರಾಣಿ.

ಸೋತು ಸೊರಗಿ ಅವಳೇ ಕೂಸನ್ನು ಎದೆಗವಚಿಕೊಂಡು ಹಾಡಿದಳು. ಒಡಕು ದನಿ. ಆದರೂ ಕೂಸು ಸುಮ್ಮನಾಯಿತು. ಹಲ್ಲಿಯೂ ಸುಮ್ಮನಾಯಿತು. ಕೂಸಿನ ರೆಪ್ಪೆ ಇಳಿಯಿತು, ಇನ್ನೇನು ಮುಚ್ಚಬೇಕು.

ರಾಜ ಓಡೋಡಿ ಬಂದ. "ಹಲ್ಲೀ, ನಿದ್ದೆ ಬಂತಾ ನೋಡಿ ಹೇಳು!"

ಲೊಚ್.

ಆ ಕೂಸಿಗೆ ಈಗ ಬಿಳೀ ಗಡ್ಡ ಬಂದಿದೆ. ನಿದ್ದೆ ಬಂದಿಲ್ಲ.

ಅದಕ್ಕೇ ಮಕ್ಕಳೇ, ಬೇಯೋ ಅನ್ನದ ಮುಚ್ಚಳ ಪದೇ ಪದೇ ತೆಗೀಬಾರದು. ತೆಗೀದಿದ್ದರೆ ಸೀದುಹೋಗುತ್ತೆ, ಅದಕ್ಕೆ ನಾನೇನು ಮಾಡ್ಲಿ?

ಕತೆ ಬುರುಡೆಯೊಳಗೆ, ನಾನು ಕಂಬಳಿಯೊಳಗೆ. 'ಅಜ್ಜೀ, ನಿದ್ದೆ ಬಂತಾ?' ಅಂತ ಯಾರಾದರೂ ಕೇಳಿದಿರೋ, ನೋಡಿ ಮತ್ತೆ!