ಯಾರೂ ಕೇಳದ ಔಟು

ಕಪಿಲೆಯ ದಂಡೆಯಲ್ಲಿ ರಾಚಪ್ಪ ಮೇಷ್ಟ್ರು ಕ್ರಿಕೆಟ್ ಕಲಿಸುತ್ತಿದ್ದರು. ಒಂದು ಮ್ಯಾಟು, ಒಂದು ಹರಕು ಬಲೆ, ಅಷ್ಟೇ ಅವರ ಆಶ್ರಮ. ಅಲ್ಲಿ ಅಂಪೈರ್ ಇರಲಿಲ್ಲ. ಔಟಾದವನು ತಾನೇ ಬ್ಯಾಟನ್ನು ಬಲೆಗೆ ಒರಗಿಸಿ ಬರಬೇಕು, ಮುಂದಿನವನು ಎತ್ತಿಕೊಳ್ಳಬೇಕು.

ಶಿಷ್ಯರಲ್ಲಿ ಎಲ್ಲರಿಗಿಂತ ಹಳಬ ಚೆಲುವರಾಜು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಕಿವಿಯ ಪಕ್ಕದಲ್ಲಿ ನರೆ. ವರ್ಷಗಟ್ಟಲೆ ಬೆಳಗಿನ ನಿದ್ದೆ ಬಿಟ್ಟು ಆ ಬಲೆಯೊಳಗೆ ನಿಂತವನು. ಅವನನ್ನು ತಿನ್ನುತ್ತಿದ್ದ ಪ್ರಶ್ನೆ ಒಂದೇ: ನಿಜವಾದ ಆಟಗಾರರ ಮುಂದೆ ನಾನು ಏನು?

ಆ ಭಾನುವಾರ ಉತ್ತರ ಸಿಗಬೇಕಿತ್ತು. ಹಿಂದೆ ರಾಜ್ಯಕ್ಕೆ ಆಡಿ ನಿವೃತ್ತರಾದವರ ತಂಡವೊಂದು ಸ್ನೇಹಪಂದ್ಯಕ್ಕೆಂದು ಊರಿಗೆ ಬಂದಿತ್ತು.

ಮರುದಿನ ಸಂಜೆ ಚೆಲುವರಾಜು ಹೊಳೆದಂಡೆಗೆ ಬಂದ. ಒಂದು ಕೈಯಲ್ಲಿ ಬ್ಯಾಟು, ಇನ್ನೊಂದರಲ್ಲಿ ಉತ್ತಮ ಆಟಗಾರನಿಗೆ ಕೊಟ್ಟ ಕಪ್. ಎರಡನ್ನೂ ಮೇಷ್ಟ್ರ ಕಾಲಬಳಿ ಇಟ್ಟು, ಬ್ಯಾಟನ್ನು ಹಂಡೆ ಒಲೆಗೆ ಹಾಕಿಬಿಡಿ ಎಂದ.

"ಕಪ್ ಗೆದ್ದವನ ಮುಖವೇನಯ್ಯಾ ಇದು?"

ಚೆಲುವರಾಜು ನಡೆದದ್ದು ಹೇಳಿದ. ಬೌಲರ್‌ಗೆ ಐವತ್ತು ದಾಟಿತ್ತು, ಹೊಟ್ಟೆ ಬಂದಿತ್ತು. ಆದರೆ ಮೊದಲನೇ ಬಾಲು ಹಾವಿನ ಹಾಗೆ ಬಂತು. ಬ್ಯಾಟಿನ ಅಂಚಿಗೆ ಟಿಕ್ಕೆಂದು ತಾಗಿ ಹಿಂದೆ ಹೋಯಿತು. ಗೂಟಕ್ಕೆ ಅಂಗಿ ನೇತುಹಾಕಿದಷ್ಟು ಸಲೀಸಾಗಿ ಕೀಪರ್ ಹಿಡಿದ.

"ಆಮೇಲೆ?"

ಆಮೇಲೆ ಯಾರೂ ಕೈ ಎತ್ತಲಿಲ್ಲ, ಕೂಗಲಿಲ್ಲ. ಕೀಪರ್ ಬೌಲರ್ ಕಡೆ ನೋಡಿ ನಕ್ಕ. "ಆಡ್ಲಿ ಬಿಡೋ, ಪಾಪ. ಹೆಂಡ್ತಿ ಮಕ್ಳು ನೋಡೋಕೆ ಬಂದಿದಾರೆ" ಎಂದು ಚೆಂಡನ್ನು ಹಿಂದಕ್ಕೆ ಎಸೆದ. ಎದುರಾಳಿಗಳು ಕೇಳದೆ ಅಂಪೈರ್ ಔಟ್ ಕೊಡುವಂತಿಲ್ಲ. ಅವರು ಕೇಳಲಿಲ್ಲ, ಅವನು ಕೊಡಲಿಲ್ಲ.

ಎರಡನೇ ಬಾಲಿನಿಂದ ಕೈತುತ್ತು ಕೊಟ್ಟ ಹಾಗೆ ಎಸೆದರು. ಇವನು ಬಾರಿಸಿದ. ಬೇಕೆಂದೇ ಕ್ಯಾಚ್ ಬಿಟ್ಟು ತಲೆ ಚಚ್ಚಿಕೊಳ್ಳುವ ನಾಟಕವನ್ನೂ ಆಡಿದರು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಒಂದೊಂದು ಬೌಂಡರಿಯೂ ಇವನ ಗಂಟಲಲ್ಲಿ ಸಿಕ್ಕಿಕೊಂಡಿತು.

"ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುತ್ತಾರಲ್ಲ ಮೇಷ್ಟ್ರೇ, ಹಾಗೆ ಸೇರಿಸಿಕೊಂಡರು ನನ್ನನ್ನ. ಔಟ್ ಮಾಡುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲ. ಇನ್ನು ಅವರು ಈ ಕಡೆ ಬರುವುದಿಲ್ಲ. ಬಂದರೂ ಅಷ್ಟು ಹೊತ್ತಿಗೆ ನನ್ನ ಕಣ್ಣು ಮಂಜಾಗಿರುತ್ತದೆ. ನಾನು ಏನು ಅಂತ ತಿಳಿಯದೆಯೇ ಸಾಯಬೇಕು."

ಮೇಷ್ಟ್ರು ಸಮಾಧಾನ ಹೇಳುವ ಜಾಯಮಾನದವರಲ್ಲ. ಕಪ್ಪಿನ ಕಡೆ ತಿರುಗಿಯೂ ನೋಡಲಿಲ್ಲ. ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿನುದ್ದಕ್ಕೂ ಹೆಬ್ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಪೊರೆ ಬಂದ ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು. ಅಲ್ಲೊಂದು ಕೆಂಪು ಗೀರು.

"ಇದು ಆ ಮೊದಲನೇ ಬಾಲೋ?"

"ಹೌದು."

"ಅದನ್ನೂ ಪಾಪ ಅಂತಲೇ ಹಾಕಿದನೋ?"

ಚೆಲುವರಾಜು ಬಗ್ಗಿ ಆ ಗೀರನ್ನು ನೋಡಿದ.

"ಇಲ್ಲ. ಅದೊಂದು ನಿಜವಾದ ಬಾಲು."

"ತಾಗಿದಾಗ ಸದ್ದಾಯಿತೋ?"

"ಆಯಿತು. ಆದರೆ ಯಾರೂ ಕೇಳಲಿಲ್ಲವಲ್ಲ ಮೇಷ್ಟ್ರೇ. ಅವರಲ್ಲಿ ಒಬ್ಬ ಕೇಳಿದ್ದರೆ ಸಾಕಿತ್ತು, ತಲೆ ಎತ್ತಿಕೊಂಡು ಹೊರಟು ಬರುತ್ತಿದ್ದೆ."

ಹೊಳೆಯ ಮೇಲೆ ಕತ್ತಲಿಳಿಯುತ್ತಿತ್ತು. ಮೇಷ್ಟ್ರು ಬ್ಯಾಟನ್ನು ಒಲೆಗೆ ಹಾಕಲಿಲ್ಲ, ಅವನ ಕೈಗೆ ಮರಳಿ ಕೊಡಲೂ ಇಲ್ಲ. ಮೆಲ್ಲಗೆ ಎದ್ದು ಹೋಗಿ, ಮುಂದಿನವನು ಎತ್ತಿಕೊಳ್ಳುವ ಜಾಗದಲ್ಲಿ, ಬಲೆಗೆ ಒರಗಿಸಿದರು.

"ಅವರು ಕೇಳಲಿಲ್ಲ, ಸರಿ" ಎಂದರು. "ನಿನಗೆ ಕೇಳಿಸಿತ್ತಲ್ಲ."