ತಲೆಕೆಳಗಾಗಿ ಇಳಿಯುವ ಹಕ್ಕಿ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ನಾಗದೇವ ಎಂಬ ಗುರುಗಳು ಕಾಡಿನ ವಿದ್ಯೆ ಕಲಿಸುತ್ತಿದ್ದರು. ಗಿಡ, ಮರ, ಮೃಗ, ಪಕ್ಷಿ, ಯಾವುದನ್ನು ಕೇಳಿದರೂ ಅವರಲ್ಲಿ ಉತ್ತರವಿತ್ತು.

ಅವರ ಶಿಷ್ಯೆ ಪದ್ಮಲೆ ಹಕ್ಕಿಗಳ ಪರೀಕ್ಷೆಯಲ್ಲಿ ಎರಡು ಸಲ ಸೋತಿದ್ದಳು. ಮೂರನೆಯ ಸಲವೂ ಸೋತರೆ ಆಶ್ರಮ ಬಿಟ್ಟು ಊರಿಗೆ ಮರಳಬೇಕಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಗುರುಗಳು ಶಿಷ್ಯರನ್ನೆಲ್ಲ ಕಾಡಿನೊಳಗೆ ಕರೆದೊಯ್ದರು. ಮತ್ತಿಮರವೊಂದರ ಬೊಡ್ಡೆಯ ಮೇಲೆ ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕ ಹಕ್ಕಿ ಓಡಾಡುತ್ತಿತ್ತು. ನೀಲಿ ಬೆನ್ನು, ಕೆಂಪು ಕೊಕ್ಕು, ಹಣೆಗೆ ಮಸಿ ಬಳಿದಂಥ ಕಪ್ಪು.

"ಪದ್ಮಲೆ, ಇದು ಯಾವುದು?"

ಉತ್ತರ ಅವಳಿಗೆ ಗೊತ್ತಿತ್ತು. ಗುರುಗಳೇ ಪಾಠದಲ್ಲಿ ಹೇಳಿದ್ದರು, ಮರಕುಟಿಗದ ಮರಿ ಎಂದು. ಅಷ್ಟು ಹೇಳಿದರೆ ಗೆದ್ದಂತೆ.

ಆದರೆ ಅವಳು ಹದಿನೈದು ದಿನಗಳಿಂದ ದಿನಾ ಇದೇ ಮರದ ಕೆಳಗೆ ಕೂತು ಈ ಹಕ್ಕಿಯನ್ನು ನೋಡಿದ್ದಳು.

"ಹೆಸರು ಗೊತ್ತಿಲ್ಲ ಗುರುಗಳೇ. ಮರಕುಟಿಗದ ಮರಿಯಂತೂ ಅಲ್ಲ."

ಹಿರಿಯ ಶಿಷ್ಯ ಬೊಮ್ಮರಸ ಅವಳತ್ತ ಬಾಗಿದ. "ಗುರುಗಳ ಮಾತನ್ನೇ ಅಲ್ಲಗಳೆಯುತ್ತೀಯಾ? ಹೋಗಿ ಗಂಟುಮೂಟೆ ಕಟ್ಟಿಕೋ."

ಗುರುಗಳು ಕೈಯೆತ್ತಿ ಅವನನ್ನು ಸುಮ್ಮನಿರಿಸಿದರು. "ಯಾಕೆ ಅಲ್ಲ?"

"ಮರಕುಟಿಗ ಬಾಲವನ್ನು ಮರಕ್ಕೆ ಊರಿಕೊಂಡು ಮೇಲಕ್ಕೆ ಹತ್ತುತ್ತದೆ. ಇದು ಬಾಲ ಊರುವುದೇ ಇಲ್ಲ. ಬರೀ ಕಾಲಿನ ಹಿಡಿತದಲ್ಲಿ, ತಲೆ ಕೆಳಗೆ ಮಾಡಿಕೊಂಡು ಸರಸರನೆ ಇಳಿಯುತ್ತದೆ."

"ಮರಿಯಲ್ಲವೇ? ಬಾಲ ಊರುವುದು ಇನ್ನೂ ತಿಳಿದಿರಲಿಕ್ಕಿಲ್ಲ."

"ಇದಕ್ಕೇ ಮರಿಗಳಿವೆ ಗುರುಗಳೇ."

ಗುರುಗಳು ಮರದ ಹತ್ತಿರಕ್ಕೆ ಬಂದರು.

"ಎಲ್ಲಿ?"

ಪದ್ಮಲೆ ಮೇಲಿನ ಪೊಟರೆಯತ್ತ ಕೈ ತೋರಿಸಿದಳು. ಅಷ್ಟರಲ್ಲಿ ಹಕ್ಕಿ ಪುರ್ರನೆ ಹಾರಿಹೋಯಿತು.

ಎಲ್ಲರೂ ಕತ್ತೆತ್ತಿ ಕಾದರು. ಹೊತ್ತೇರಿತು. ಬೊಮ್ಮರಸ ಕಿಸಕ್ಕನೆ ನಕ್ಕ. ಪದ್ಮಲೆಯ ಕಣ್ಣು ಪೊಟರೆಯಿಂದ ಕದಲಲಿಲ್ಲ.

ಹಕ್ಕಿ ಮರಳಿ ಬಂತು, ಕೊಕ್ಕಿನಲ್ಲಿ ಹಸಿರು ಹುಳು. ಮೇಲಿನ ಕೊಂಬೆಯ ಬುಡದಲ್ಲಿ ಕೂತು, ಅಲ್ಲಿಂದ ತಲೆಕೆಳಗಾಗಿ ಒಂದೇ ಓಟಕ್ಕೆ ಪೊಟರೆಯ ಬಾಯಿಗೆ ಇಳಿಯಿತು. ಒಳಗಿನಿಂದ ಮರಿಗಳ ಚಿಲಿಪಿಲಿ ಎದ್ದಿತು. ಎರಡು ಪುಟ್ಟ ಬಾಯಿಗಳು ಹೊರಗೆ ಚಾಚಿಕೊಂಡವು.

ಗುರುಗಳು ನೋಡುತ್ತಲೇ ನಿಂತರು. ಹೆಗಲ ಮೇಲಿನ ವಸ್ತ್ರ ಜಾರಿ ನೆಲಕ್ಕೆ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಲವತ್ತು ವರ್ಷ," ಎಂದರು. "ನಲವತ್ತು ವರ್ಷದಿಂದ ಎಲ್ಲರಿಗೂ ತಪ್ಪು ಹೇಳಿಕೊಂಡು ಬಂದೆ."

ಪದ್ಮಲೆಯ ಎದೆ ತುಂಬಿ ಬಂತು. ಕಾಲಿಗೆರಗಲು ಬಾಗಿದವಳನ್ನು ಅವರು ತಡೆದು, ಶಿಷ್ಯರತ್ತ ತಿರುಗಿದರು.

"ನಾಳೆಯಿಂದ ಹಕ್ಕಿಗಳ ಪಾಠ ಇವಳದು. ಮೊದಲ ಸಾಲಿನಲ್ಲಿ ನನಗೊಂದು ಜಾಗ ಇಡಿ."